ಶನಿವಾರದ ಸರತಿ

ಹುಬ್ಬಳ್ಳಿಯ ಒಂದು ಕ್ಯಾಥೊಲಿಕ್ ಗಂಡುಮಕ್ಕಳ ಶಾಲೆಯಲ್ಲಿ ನಾನು ನೀತಿಪಾಠದ ಮಾಸ್ತರ. ಕ್ರೈಸ್ತ ಹುಡುಗರು ಧರ್ಮೋಪದೇಶಕ್ಕೆ ಫಾದರ್ ಹತ್ತಿರ ಹೋದಾಗ ಉಳಿದವರೆಲ್ಲ ನನ್ನ ಪಾಲಿಗೆ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ಅವರಿಗೆ ಸತ್ಯ, ಕರುಣೆ ಅಂತ ಹೇಳುತ್ತೇನೆ. ಸಮಾಜಸೇವೆಯ ಹೊಣೆಯೂ ನನ್ನದೇ. ಶನಿವಾರ ಶಾಲೆ ಬಿಟ್ಟ ಮೇಲೆ ಒಂಬತ್ತನೇ ತರಗತಿಯ ಹತ್ತು ಹುಡುಗರನ್ನು ಸಿಸ್ಟರುಗಳು ನಡೆಸುವ ನಿರಾಶ್ರಿತರ ಮನೆಗೆ ಕರೆದೊಯ್ಯಬೇಕು. ವಾರವಾರವೂ ಬೇರೆ ಹತ್ತು ಮಂದಿ. ಒಬ್ಬೊಬ್ಬನಿಗೆ ವರ್ಷಕ್ಕೆ ಒಂದೇ ಸರತಿ.

ಅಲ್ಲಿ ಉಪ್ಪಿನಬೆಟಗೇರಿ ಕಡೆಯ ಒಬ್ಬ ಕುರುಡಜ್ಜನಿದ್ದ. ತನ್ನವರ ಬಗ್ಗೆ ಎಂದೂ ಬಾಯಿ ಬಿಟ್ಟವನಲ್ಲ. ಕಳೆದ ಜುಲೈಯಲ್ಲಿ, ತರಗತಿಯಲ್ಲಿ ತುಟಿ ಬಿಚ್ಚದ ಒಬ್ಬ ಹುಡುಗ ಅವನ ಪಕ್ಕ ಕೂತು ಪೇಪರ್ ಓದಿದ. ಕುಸ್ತಿಯ ಸುದ್ದಿ ಬಂದದ್ದೇ ಅಜ್ಜ ತಾನು ಹಿಡಿದ ಪಟ್ಟುಗಳ ಕಥೆ ತೆಗೆದ. ಹೊರಡುವಾಗ ಹುಡುಗ, "ಮುಂದಿನ ಶನಿವಾರ ಮತ್ತ ಬರ್ತೇನ್ರಿ ಅಜ್ಜಾ," ಎಂದ.

ಆ ವಾರ ಅವನು ನನ್ನನ್ನು ಕೇಳಿಕೊಂಡ. ನಾನು ಹೆಡ್‌ಮಾಸ್ಟರ್ ಫಾದರನ್ನು ಕೇಳಿದೆ. "ಎಲ್ಲಾ ಹುಡುಗರಿಗೂ ಅವಕಾಶ ಸಿಗಬೇಕಲ್ರಿ ಸರ್," ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನಾನೂ ವಾದಿಸಲಿಲ್ಲ.

ಅಜ್ಜ ಪ್ರತಿ ಶನಿವಾರ ಒಗೆದ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂಡತೊಡಗಿದ. ಐದನೇ ವಾರ ನನಗೆ ನೋಡಲಾಗಲಿಲ್ಲ. ಆ ಹುಡುಗ ತಾನೇ ಎನ್ನುವಂತೆ ಮಾತಾಡಲು ಬೇರೊಬ್ಬನಿಗೆ ಹೇಳಿಕೊಟ್ಟು ಅಜ್ಜನ ಹತ್ತಿರ ಕಳಿಸಿದೆ.

"ಅಜ್ಜಾ, ನಾನ ಬಂದೇನ್ರಿ," ಎಂದ ಅವನು.

ಅಜ್ಜನ ಮುಖ ಅರಳಿತು, ಹಾಗೇ ಕಂದಿತು. "ನೀ ಅಂವ ಅಲ್ಲಪಾ. ಹಿಂಗ ಹೇಳಂತ ಯಾರ್ ಕಲಿಸಿದ್ರು ನಿನಗ?"

ಹುಡುಗ ನನ್ನತ್ತ ನೋಡಿದ. ಉಳಿದ ಒಂಬತ್ತು ಮಂದಿಯೂ ನೋಡಿದರು. "ನಾನೇ" ಎನ್ನಲು ನನಗೆ ಬಾಯಿ ಬರಲಿಲ್ಲ.

ಅಂದಿನಿಂದ ಅಜ್ಜ ಕಟ್ಟೆಗೆ ಬರುವುದನ್ನು ಬಿಟ್ಟ. ದಸರಾ ರಜೆಯಲ್ಲಿ, ಆ ಮೊದಲ ಹುಡುಗನ ತಾಯಿಯನ್ನು ಒಪ್ಪಿಸಿ, ಅವನನ್ನು ನನ್ನ ಸ್ಕೂಟರಿನಲ್ಲಿ ಕರೆದೊಯ್ದೆ. ಈ ದಾರಿ ಮೊದಲು ಹೊಳೆದಿರಲಿಲ್ಲವೆಂದಲ್ಲ, ಧೈರ್ಯವಿರಲಿಲ್ಲ.

"ನಾನ್ರಿ ಅಜ್ಜಾ, ಪೇಪರ್ ಓದಿದಂವ," ಎಂದ ಹುಡುಗ.

ದನಿಯ ಗುರುತು ಹತ್ತಿದ್ದು ಅಜ್ಜನ ಮುಖದಲ್ಲೇ ಕಂಡಿತು. ಆದರೂ ಗೋಡೆಯತ್ತ ಹೊರಳಿಕೊಂಡ. "ಭಾಳ ಮಂದಿ ಬರ್ತೀರ್ರಿ ನೀವು. ನನಗ ಯಾರೂ ನೆನಪಿಲ್ರಿ."

ಮೊಮ್ಮಗನ ವಯಸ್ಸಿನವನಿಗೆ ಬಹುವಚನ ಹಚ್ಚಿ ಮಾತಾಡಿದ್ದ. ಹುಡುಗ ಹೊರಗೆ ಬಂದ. ಸ್ಕೂಟರ್ ಹತ್ತುವಾಗ, "ನಾ ಏನ್ ತಪ್ಪ ಮಾಡೇನ್ರಿ ಸರ್?" ಎಂದು ಕೇಳಿದ.

"ನೀ ಅಲ್ಲೋ," ಎಂದೆ. ಸ್ಕೂಟರಿಗೆ ಕಿಕ್ ಹೊಡೆದೆ.

ರಜೆ ಮುಗಿದ ಮೇಲೆ, ತನ್ನ ಸರತಿ ಆಗಲೇ ಮುಗಿದಿದ್ದರೂ, ಅವನು ಸಮಾಜಸೇವೆಯ ಪಟ್ಟಿಯಿಂದ ಹೆಸರು ತೆಗೆಸಿದ. ನನ್ನ ಪಿರಿಯಡ್ಡಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂಡುತ್ತಿದ್ದ. ಅವನಿಗೆ ಪ್ರಶ್ನೆ ಕೇಳುವ ಮುಖ ನನಗಿರಲಿಲ್ಲ. ನಾನು ಈಗಲೂ ಹೊಸ ಹುಡುಗರನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಅಜ್ಜನ ಮಂಚದ ಹತ್ತಿರ ಮಾತ್ರ ಯಾರನ್ನೂ ಬಿಡುವುದಿಲ್ಲ. ಸಿಸ್ಟರಿಗೆ ಅಜ್ಜನೇ ಹಾಗೆ ಹೇಳಿದ್ದಾನೆ.