ಸವೇತಜ್ಜಿ ಗುರುತು ಹಾಕದ ಹೆಸರು

ಐಯೂದ್ ಪಟ್ಟಣದ ವೆತೂರಿಯಾ ಹಿಟ್ಟಿನ ಗಿರಣಿಯಲ್ಲಿ ಲೆಕ್ಕ ಬರೆಯುವವಳು, ಚರ್ಚಿನಲ್ಲಿ ಹಾಡುವವಳು. ದೇವರು ಆಕೆಗಿತ್ತ ವರವೆಂದರೆ, ಎಚ್ಚರಿಕೆಯ ಮಾತು ಕಿವಿಗೆ ಬಿದ್ದರೆ ಆಕೆ ಸುಮ್ಮನಿರಲಾರಳು. ಬದುಕಿರುವವರ ಮತ್ತು ತೀರಿಕೊಂಡವರ ಹೆಸರುಗಳನ್ನು ಪ್ರಾರ್ಥನೆಗೆ ಕಳುಹಿಸುವ ಚರ್ಚಿನ ವೆಬ್ ಪುಟವನ್ನು ತಾನೇ ಕಲಿತು ಕಟ್ಟಿದ್ದಳು.

ತೀರಿಕೊಂಡವರ ಹೆಸರುಗಳನ್ನು ಚರ್ಚಿನಲ್ಲಿ ಓದಿ ಪ್ರಾರ್ಥಿಸುವ ಮೃತರ ಶನಿವಾರದ ಬೆಳಗ್ಗೆ ಆ ಪುಟದ ನೆತ್ತಿಯ ಮೇಲೆ ಎಚ್ಚರಿಕೆಯ ಸಾಲೊಂದು ಮೂಡಿತು: ಯಾವ ಮೌಲ್ಯವನ್ನೂ ಕೊಡದ ವೇರಿಯೆಬಲ್ ಬಳಕೆಯಾಗಿದೆ.

“ಅದನ್ನ ಮುಚ್ಚಿಬಿಡು ತಾಯಿ,” ಎಂದರು ಪಾದ್ರಿ ಸೊಫ್ರೋನಿಯೆ. “ನೋಡಿದವ್ರು ಚರ್ಚಿಗೇ ವೈರಸ್ ಬಡೀತು ಅಂತಾರೆ!”

“ಮುಚ್ಚೋಕೆ ಕೋಡಲ್ಲಿ ಒಂದು ಚಿಹ್ನೆ ಸಾಕು ಫಾದರ್. ಹೊಗೆ ಕಂಡ್ರೆ ಕಿಟಕಿಗೆ ಪರದೆ ಹಾಕ್ತೀರಾ?”

“ಪ್ರವಚನ ನನ್ನ ಕೆಲ್ಸ ಕಣಮ್ಮ. ಪಟ್ಟಿ ಕೊಡು, ಗಂಟೆ ಹೊಡೀತಿದೆ!” ಮುದ್ರಿಸಿದ ಹಾಳೆಗಳನ್ನೆತ್ತಿಕೊಂಡು ಪಾದ್ರಿಗಳು ನಡೆದೇಬಿಟ್ಟರು.

ವೆತೂರಿಯಾ ಪುಟವನ್ನು ನಡೆಸುವ ಸ್ಕ್ರಿಪ್ಟು ತೆರೆದಳು. ಹೆಸರು ಕಳುಹಿಸುವಾಗ ಒತ್ತಬೇಕಾದ ‘ಬದುಕಿದ್ದಾರೆ’, ‘ತೀರಿಕೊಂಡಿದ್ದಾರೆ’ ಎಂಬ ಎರಡು ವೃತ್ತಗಳಲ್ಲಿ ಯಾರೋ ಯಾವುದನ್ನೂ ಒತ್ತಿರಲಿಲ್ಲ. ಒತ್ತದ ವೃತ್ತವನ್ನು ಬ್ರೌಸರು ಕಳುಹಿಸುವುದೇ ಇಲ್ಲ. ಬಾರದ ಉತ್ತರವನ್ನು ಸ್ಕ್ರಿಪ್ಟು ‘ಬದುಕಿಲ್ಲ’ವೆಂದು ಬಗೆದು, ಆ ಹೆಸರನ್ನು ಸತ್ತವರ ಪಟ್ಟಿಗೆ ನೂಕಿತ್ತು. ಹೆಸರು ಲೆಯೊಂಟಿನ್, ಕಳುಹಿಸಿದವಳು ಅವನ ತಾಯಿ ಸವೇತಜ್ಜಿ. ಹಡಗಿನ ಕೆಲಸಕ್ಕೆಂದು ಹೋದ ಆ ಮಗನಿಂದ ವರ್ಷಗಳಿಂದ ಸುದ್ದಿಯೇ ಇರಲಿಲ್ಲ. ಹೆತ್ತವಳ ಎದುರಿಗೇ ಅವನನ್ನು ಸತ್ತವರೊಡನೆ ಓದುವುದೇ? ದೇವರೇ!

ವೆತೂರಿಯಾ ಎದ್ದುಬಿದ್ದು ಚರ್ಚಿನೊಳಗೆ ಓಡಿದಳು. ಮುಂದಿನ ಸಾಲಿನಲ್ಲೇ ಅಜ್ಜಿ ನಿಂತಿದ್ದಳು.

“ಅಜ್ಜೀ, ಲೆಯೊಂಟಿನ್‌ಗೆ ಗುರುತು ಯಾಕೆ ಹಾಕ್ಲಿಲ್ಲ?”

“ಯಾವುದಕ್ಕೆ ಹಾಕ್ಲಿ ಮಗಳೇ? ಇದಾನೆ ಅನ್ನೋಕೆ ಒಂದು ಫೋನೂ ಇಲ್ಲ. ಇಲ್ಲ ಅಂತ ನನ್ನ ಕೈಯಾರೆ ಒತ್ತೋಕಾಗುತ್ತಾ?”

ಸತ್ತವರ ಪಟ್ಟಿ ಓದುತ್ತಿದ್ದ ಪಾದ್ರಿಗಳ ಬೆರಳು ಆ ಹೆಸರಿಗಿಂತ ಎರಡೇ ಸಾಲು ಮೇಲಿತ್ತು. ವೆತೂರಿಯಾ ಪಕ್ಕದಿಂದ ಪೆನ್ನು ಚಾಚಿ ಆ ಹೆಸರನ್ನು ಹೊಡೆದು ಹಾಕಿದಳು.

“ಇದೇನು ಹುಚ್ಚು? ಇವನನ್ನ ಎಲ್ಲಿ ಸೇರಿಸ್ಲಿ?” ಪಾದ್ರಿಗಳು ಪಿಸುಗುಟ್ಟಿದರು.

“ಸತ್ತ ಅಂತ ಯಾರೂ ಹೇಳಿಲ್ಲ ಫಾದರ್. ಬದುಕಿರೋರ ಜೊತೆ ಓದಿ!”

ಸೊಫ್ರೋನಿಯೆ ಸತ್ತವರ ಪಟ್ಟಿಯ ಉಳಿದ ಹೆಸರುಗಳನ್ನು ಓದಿ ಮುಗಿಸಿದರು. ಬದುಕಿರುವವರ ಸರದಿ ಬಂದಾಗ ಅವರ ಬಾಯಿಂದ ಹೊರಟ ಮೊದಲ ಹೆಸರೇ ಲೆಯೊಂಟಿನ್.

“ಇನ್ನೊಂದ್ಸಲ ಫಾದರ್!” ಸವೇತಜ್ಜಿ ಕೂಗಿದಳು. “ಈ ಕಿವಿ ಮಂದ!”

ನೆರೆದವರು ನಕ್ಕರು, ಅತ್ತರು. ಪಾದ್ರಿಗಳು ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ, ಗೋಪುರ ಮೊಳಗುವಂತೆ ಓದಿದರು.

ಪೂಜೆ ಮುಗಿದದ್ದೇ ತಡ, ವೆತೂರಿಯಾ ಸ್ಕ್ರಿಪ್ಟನ್ನು ತಿದ್ದಿದಳು: ಉತ್ತರ ಬಂದಿದೆಯೇ ಎಂದು ಮೊದಲು ನೋಡು, ಬಾರದಿದ್ದರೆ ನೀನೇ ತೀರ್ಪು ಕೊಡಬೇಡ, ಕಳುಹಿಸಿದವರನ್ನು ಕೇಳು.