ಬೆಕ್ಕನ್ನೂ ಮಾತಾಡಿಸುವ ಅತ್ತೆ

ನಮ್ಮ ಕಡೆ ಮನೆಗೆ ಬಂದವರು ಬಂದ ಕೆಲಸವನ್ನು ಕೂಡಲೇ ಹೇಳುವುದಿಲ್ಲ. ಹೇಳಿದರೆ ಬರೀ ಕೆಲಸಕ್ಕಾಗಿ ಬಂದಂತಾಗುತ್ತದೆ. ಕಾಲು ತೊಳೆದು, ಆಸರಿಗೆಯೆಂದು ಕೊಟ್ಟ ಚಹಾವನ್ನೋ ಮಜ್ಜಿಗೆಯನ್ನೋ ಕುಡಿದು, ಎಲೆಯಡಿಕೆಯ ಕವಳದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಮನೆಯ ಒಬ್ಬೊಬ್ಬರನ್ನೂ ಅವರವರಿಗೆ ತಕ್ಕಂತೆ ವಿಚಾರಿಸಿಕೊಂಡ ಮೇಲೆಯೇ ಅಸಲು ವಿಷಯದ ಪ್ರಸ್ತಾಪ.

ಈ ಕಲೆಯಲ್ಲಿ ಅಪ್ಪನ ತಂಗಿ, ಅರಬೈಲಿನ ಭಾಗೀರಥಿ ಅತ್ತೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಶಿರಸಿಯ ನಮ್ಮ ಬಾಡಿಗೆ ಮನೆಗೆ ಬಂದರೆಂದರೆ, ಅಪ್ಪನಿಗೆ ಮೊಣಕಾಲಿನ ಪ್ರಶ್ನೆ, ಆಯಿಗೆ, ಎಂದರೆ ಅಮ್ಮನಿಗೆ, ಅಪ್ಪೆಮಿಡಿ ಉಪ್ಪಿನಕಾಯಿಯ ಪ್ರಶ್ನೆ, ನನಗೆ "ನಿನ್ನ ಕಂಪ್ಯೂಟರಿಗೆ ಎಂತ ಕಲ್ಸಿದ್ಯೋ ಈ ಸಲ?" ಎಂಬ ಪ್ರಶ್ನೆ. ಕೊನೆಗೆ ಜಗುಲಿಯ ಬೆಕ್ಕಿನ ಮುಂದೆ ನಿಂತು, "ಎಂತದೇ, ಇಲಿ ಹಿಡಿತ್ಯ, ಬರೀ ವರಗ್ತ್ಯ?" ಎಂದು ಅದರ ನಿದ್ದೆಯ ಮೇಲೂ ಒಂದು ಮಾತು. ಅಪ್ಪೆಮಿಡಿಯ ಪ್ರಶ್ನೆ ತಪ್ಪಿ ಅಪ್ಪನಿಗೆ ಹೋದದ್ದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸಿದ್ದಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಾನು, 'ವಿಸಿಟರ್ ಪ್ಯಾಟರ್ನ್', ಅಂದರೆ ಅತಿಥಿ ಮಾದರಿ, ಎಂಬ ಪ್ರೋಗ್ರಾಮಿನ ವಿನ್ಯಾಸವನ್ನು ವಿವರಿಸಲಾಗದೆ ಬೆವರುತ್ತಿದ್ದಾಗ ನೆರವಿಗೆ ಬಂದವರು ಈ ಅತ್ತೆಯೇ. ನಾವು ಬರೆದ ಪ್ರೋಗ್ರಾಮು ಯಂತ್ರದ ಕಣ್ಣಿಗೆ ಒಂದು ಕೂಡು ಕುಟುಂಬ. ಅದರಲ್ಲಿ ಅಂಕೆಯಿದೆ, ಹೆಸರಿದೆ, ಕೂಡಿಸುವುದಿದೆ, 'ಹೀಗಾದರೆ ಹಾಗೆ' ಎಂಬ ಷರತ್ತಿದೆ. ಈ ಸದಸ್ಯರನ್ನು ತಪ್ಪಿದೆಯೇ ಎಂದು ಪರೀಕ್ಷಿಸಬೇಕು, ಲೆಕ್ಕ ಹಾಕಬೇಕು, ಅಂದವಾಗಿ ಮುದ್ರಿಸಬೇಕು. ಇಷ್ಟನ್ನೂ ಒಬ್ಬೊಬ್ಬ ಸದಸ್ಯನಿಗೂ ಕಲಿಸಹೊರಟರೆ, ಹೊಸ ಕೆಲಸ ಬಂದಾಗಲೆಲ್ಲ ಮನೆಮಂದಿಗೆಲ್ಲ ಹೊಸ ಪಾಠ. ಅದರ ಬದಲು ಒಂದೊಂದು ಕೆಲಸವನ್ನೂ ಒಬ್ಬೊಬ್ಬ ಅತಿಥಿಯನ್ನಾಗಿ ಕಳಿಸಿದರಾಯಿತು. ಮನೆಯವರು "ಬನ್ನಿ, ನಾನು ಇಂಥವನು" ಎಂದಷ್ಟೇ ಹೇಳಬೇಕು. ಯಾರೊಂದಿಗೆ ಏನು ಮಾಡಬೇಕೆಂಬುದು ಅತಿಥಿಗೆ ಗೊತ್ತಿರುತ್ತದೆ. ವಿದ್ಯಾರ್ಥಿಗಳಿಗೆ ವಿನ್ಯಾಸ ಅರ್ಥವಾಯಿತೋ ಇಲ್ಲವೋ, ಅತ್ತೆ ಮಾತ್ರ ಚೆನ್ನಾಗಿ ಅರ್ಥವಾದರು.

ಒಂದು ಕುಂದನ್ನು ಪಾಠದ ಕೊನೆಯಲ್ಲಿ ಅವಸರವಾಗಿ ಹೇಳಿ ಮುಗಿಸುತ್ತಿದ್ದೆ: ಹೊಸ ಅತಿಥಿ ಬಂದರೆ ಮನೆಗೆ ತೊಂದರೆಯಿಲ್ಲ, ಆದರೆ ಮನೆಗೇ ಹೊಸ ಸದಸ್ಯ ಬಂದರೆ ಹಳೆಯ ಅತಿಥಿಗಳೆಲ್ಲ ಹೊಸದಾಗಿ ಕಲಿಯಬೇಕಾಗುತ್ತದೆ.

ಅಷ್ಟರಲ್ಲಿ ನಮ್ಮ ಮನೆಗೆ ಶಿವಲೀಲಾ ಬಂದಳು. ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು, ನಮ್ಮ ಜಾತಿಯವಳಲ್ಲ, ಬನವಾಸಿ ಕಡೆಯ ಲಿಂಗಾಯತರ ಮನೆಯವಳು. ಮದುವೆ ರಿಜಿಸ್ಟರ್ ಕಚೇರಿಯಲ್ಲಾಯಿತು. ಅಪ್ಪ, ಆಯಿ ಎರಡು ತಿಂಗಳು ಮೌನವಾಗಿದ್ದು, ಆಮೇಲೆ ಮೌನವೇ ಬೇಸರವಾಗಿ ಮಾತಾಡತೊಡಗಿದರು. ಕಷ್ಟವಾದದ್ದು ಬಂದುಹೋಗುವವರದ್ದು. ಹೊಸ ಸೊಸೆಯರಿಗೆಂದು ಅತ್ತೆಯ ಬಳಿ ಸಿದ್ಧ ಪ್ರಶ್ನೆಗಳಿದ್ದವು: ಯಾವ ಊರು, ಯಾರ ಮಗಳು, ಅಜ್ಜನ ಮನೆ ಯಾವುದು. ಉತ್ತರ ಮುಗಿಯುವುದರೊಳಗೆ ಹೇಗಾದರೂ ಒಂದು ನೆಂಟಸ್ತಿಕೆಯ ಎಳೆ ಹಿಡಿದು ಎಳೆಯುತ್ತಿದ್ದರು. ಶಿವಲೀಲಾಳ ವಿಷಯದಲ್ಲಿ ಆ ಎಳೆ ಇರಲೇ ಇಲ್ಲ. ಮದುವೆಯ ನಂತರ ಮೊದಲ ಸಲ ಬಂದ ಅತ್ತೆ ಅಪ್ಪನನ್ನು, ಆಯಿಯನ್ನು, ನನ್ನನ್ನು ಕ್ರಮವಾಗಿ ವಿಚಾರಿಸಿ, ಶಿವಲೀಲಾಳತ್ತ ನೋಡಿ ಮುಗುಳ್ನಕ್ಕು, ಬೆಕ್ಕಿನ ಬಳಿಗೆ ಹೋದರು.

ಒಳಮನೆಯಲ್ಲಿ ಶಿವಲೀಲಾ ನನ್ನನ್ನು ಹಿಡಿದಳು. "ಬೆಕ್ಕಿಗೂ ಮಾತಾಡ್ಸಿದ್ರಲ್ರೀ! ನಾ ಏನ್ ಬೆಕ್ಕಿಗಿಂತ ಕಡಿಮಿ ಆದ್ನೇನು?"

ಅತ್ತೆಯ ಮನಸ್ಸಿನಲ್ಲಿ ಏನೂ ಇಲ್ಲ ಎಂದೆ.

"ಅದನ್ನ ನಾನೂ ಹೇಳಾಕತ್ತೀನಿ, ಏನೂ ಇಲ್ಲ ಅಂತ. ಬೈದಿದ್ರ ಚೊಲೋ ಇತ್ತು. ಇನ್ನೊಮ್ಮಿ ಹಿಂಗಾದ್ರ ಸಿದ್ದಾಪುರದಾಗ ಬ್ಯಾರೆ ಮನಿ ನೋಡೂಣ್ರಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಲ್ಲಿ ಒಂದು ಮನೆ ಖಾಲಿಯಿದೆಯೆಂದು ಆಗಲೇ ವಿಚಾರಿಸಿಯೂ ಆಗಿತ್ತು.

ಅದೇ ವಾರ ನನ್ನ ಪ್ರೋಗ್ರಾಮಿನಲ್ಲೂ ಇದೇ ಆಯಿತು ಎಂದು ನೆನಪು. ಕಥೆಗೆ ಇಷ್ಟು ಅನುಕೂಲವಾಗಿ ಒದಗುವ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಮುಂದಿನ ತಿಂಗಳೂ ಇರಬಹುದು. ಪ್ರೋಗ್ರಾಮಿಗೆ 'ಮತ್ತೆ ಮತ್ತೆ ಮಾಡು' ಎಂಬ ಹೊಸ ಸದಸ್ಯನನ್ನು ಸೇರಿಸಿದ್ದೆ. ತಪ್ಪು ಹುಡುಕುವ ಅತಿಥಿ ಎಲ್ಲ ಸರಿಯಿದೆ ಎಂದು ಹೇಳಿ ಹೋಯಿತು, ಸರಿಯೇನೂ ಇರಲಿಲ್ಲ. ಕಾರಣ, ಗುರುತಿಲ್ಲದವರು ಸಿಕ್ಕರೆ ಸುಮ್ಮನೆ ದಾಟಿಹೋಗು ಎಂದು ಅತಿಥಿಗಳಿಗೆಲ್ಲ ಮೊದಲೇ ಸೌಜನ್ಯ ಕಲಿಸಿಟ್ಟವನು ನಾನೇ. ಆ ಒಂದು ಸಾಲನ್ನು ಅಳಿಸಿದೆ. ಕೂಡಲೇ, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಒಬ್ಬೊಬ್ಬ ಅತಿಥಿಯ ಹೆಸರು ಹಿಡಿದು, ಈ ಹೊಸಬನೊಂದಿಗೆ ಏನು ಮಾಡಬೇಕೆಂದು ಇವರಿಗೆ ತಿಳಿದಿಲ್ಲ ಎಂದು ಬೊಬ್ಬೆ ಹೊಡೆಯಿತು. ಅಂಥ ಗಲಾಟೆಯಿಂದ ನನಗೆ ಸಮಾಧಾನವಾದದ್ದು ಅದೇ ಮೊದಲು.

ಮನೆಯಲ್ಲಿ ಆ ಸಾಲನ್ನು ಅಳಿಸುವ ಧೈರ್ಯ ನನಗಿರಲಿಲ್ಲ. ಅತ್ತೆ ಮತ್ತೆ ಬಂದರು. ಮೊಣಕಾಲು, ಅಪ್ಪೆಮಿಡಿ, ಕಂಪ್ಯೂಟರು ಎಲ್ಲ ಆಯಿತು. ನಾನು ಕೋಲಸಿರ್ಸಿಯ ಮನೆಯ ನೀರಿನ ಅನುಕೂಲದ ಬಗ್ಗೆ ಯೋಚಿಸತೊಡಗಿದೆ. ಅತ್ತೆ ಬೆಕ್ಕಿನ ಕಡೆ ತಿರುಗುವಷ್ಟರಲ್ಲಿ ಶಿವಲೀಲಾ ಕವಳದ ಬಟ್ಟಲನ್ನು ಅವರ ಮುಂದಿಟ್ಟು ಅಲ್ಲೇ ಕೂತಳು.

"ಅತ್ತೀ, ನನ್ನ ಪಾಳಿ ಬರಲಿಲ್ಲೇನ್ರಿ?"

ಅಪ್ಪ ಗೋಡೆಯ ಕ್ಯಾಲೆಂಡರನ್ನು ನೋಡಿದರು. ಅತ್ತೆ ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚಿದ್ದರ ಮೇಲೆಯೇ ಮತ್ತೆ ಹಚ್ಚಿ, ಕೊನೆಗೆ, "ಎಂತ ಕೇಳವು ಹೇಳೇ ಗೊತ್ತಾಗ್ತಿಲ್ಲೆ ಕೂಸೇ, ಸುಳ್ಳು ಹೇಳ್ತಿಲ್ಲೆ" ಎಂದರು.

"ರೊಟ್ಟಿ ಬಡ್ಯಾಕ ಬರ್ತದೇನು ಅಂತ ಕೇಳ್ರಲ್ಲ. ನಿಮ್ಮವ್ರೆಲ್ಲ ಅದನ್ನ ಕೇಳ್ತಾರ."

"ಹಂಗಾರೆ ಕೇಳ್ತೆ. ಬತ್ತನೇ?"

"ಬರಂಗಿಲ್ರಿ. ಬನವಾಸಿ ಅಂದ್ರ ನಮ್ದೂ ಅನ್ನದ ಊರು."

ಮೊದಲು ನಕ್ಕವರು ಅತ್ತೆ ಎಂದು ನನ್ನ ನೆನಪು. ಆಯಿ ಎಂದು ಶಿವಲೀಲಾ ಹೇಳುತ್ತಾಳೆ. ಕೋಲಸಿರ್ಸಿಯ ಮನೆಗೆ ಬೇರೆ ಯಾರೋ ಬಂದರು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಈಗಲೂ ಅತ್ತೆ ಬಂದ ಕೆಲಸವನ್ನು ಕೂಡಲೇ ಹೇಳುವುದಿಲ್ಲ. ಮೊಣಕಾಲು, ಅಪ್ಪೆಮಿಡಿ, ಕಂಪ್ಯೂಟರು ಮುಗಿದ ಮೇಲೆ, "ರೊಟ್ಟಿ ಬಡಿಯದು ಕಲ್ತ್ಯನೇ?" ಎಂಬ ಪ್ರಶ್ನೆ ಬರುತ್ತದೆ. ಇಲ್ಲವೆಂಬ ಉತ್ತರ ಇಬ್ಬರಿಗೂ ಗೊತ್ತಿದ್ದರೂ ಅಲ್ಲಿಂದ ಅವರ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಎಷ್ಟೋ ಸಲ ಬಂದ ಕೆಲಸವೇ ಅತ್ತೆಗೆ ಮರೆತುಹೋಗುತ್ತದೆ. ಬೆಕ್ಕು ತನ್ನ ಸರದಿಗೆ ಕಾದೂ ಕಾದೂ ನಿದ್ದೆ ಹೋಗಿರುತ್ತದೆ.