ಕಿವಿಗೆ ಹಿಡಿದ ಕಾಯಿ

ಅಟ್ಟದಿಂದ ಇಳಿಸಿದ ಒಣಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ ಸೊಸೆ ರೂಪಾ, "ಇಲ್ಲ ಮಾವ, ಇದ್ರಲ್ಲಿ ಇನ್ನೂ ನೀರೈತೆ. ಆರ್ಡರ್ ಅರ್ಧಾನೇ ಕಳ್ಸೋಣ, ಮಿಕ್ಕಿದ್ದು ತಿಂಗಳು ಬಿಟ್ಟು" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಗಂಡಸಿ ಊರಿನ ನಮ್ಮ ತೋಟದ ಉಂಡೆ ಕೊಬ್ಬರಿಯನ್ನು ಅವಳು ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದ ಮೇಲೆ ಬಂದ ದೊಡ್ಡ ಆರ್ಡರ್ ಅದು. ಪುಣೆಯ ಮಿಠಾಯಿ ಅಂಗಡಿಯವರದು. ಕಾಯಿಯೊಳಗಿನ ನೀರು ಪೂರ್ತಿ ಇಂಗಬೇಕು, ಇಲ್ಲದಿದ್ದರೆ ಕೊಬ್ಬರಿ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ, "ಒಡೆದು ಒಣಗಿದ್ದರ ಜೊತೆ ಸೇರಿಸ್ಬಿಡವ್ವ, ಯಾರು ನೋಡ್ತಾರೆ? ಮಂಡೀಲಿ ನಾನು ಹಂಗೇ ದಾಟಿಸ್ತಿರ್ಲಿಲ್ವಾ?" ಎಂದೆ.

ರೂಪಾ ದನಿ ಏರಿಸಲಿಲ್ಲ. ಮೂಲೆಯಲ್ಲಿದ್ದ ಖಾಲಿ ರಟ್ಟಿನ ಡಬ್ಬವೊಂದನ್ನು ತಂದು ನನ್ನ ಮುಂದಿಟ್ಟಳು. "ಮಂಡೀಲಿ ಎಲ್ಲಾರ ಕೊಬ್ರಿನೂ ಒಂದೇ ರಾಶಿಗೆ ಸೇರೋದು ಮಾವ. ಇದ್ರ ಮೇಲೆ ನಿಮ್ಮ ಹೆಸರೈತೆ."

ಕನ್ನಡಕ ಹಾಕಿಕೊಂಡು ನೋಡಿದೆ. 'ಗಂಡಸಿ ಬಸವರಾಜಪ್ಪನವರ ತೋಟದ ಕೊಬ್ಬರಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಇಷ್ಟು ದಿನ ಆ ಡಬ್ಬಗಳನ್ನು ಬಸ್ಸಿಗೆ ಏರಿಸಿದವನೂ ನಾನೇ, ಒಮ್ಮೆಯೂ ಓದಿರಲಿಲ್ಲ. ಅವತ್ತು ಅರ್ಧ ಆರ್ಡರನ್ನಷ್ಟೇ ಬಸ್ಸಿಗೆ ಏರಿಸಿದೆ. ಅಂಗಡಿಯವರು ಗೊಣಗಿಕೊಂಡೇ ಒಂದು ತಿಂಗಳು ಕಾದರು. ಮುಂದಿನ ಆರ್ಡರನ್ನೂ ನಮಗೇ ಕೊಟ್ಟರು.

ಜೀವಮಾನವಿಡೀ ನಾನು ಬೆಳೆದ ಕೊಬ್ಬರಿ ಯಾರ ಮನೆ ಸೇರಿತೋ ಕೇಳಿದವನಲ್ಲ. ಈಗ ಸೊಸೆ ಸರಿಯಿದೆ ಎಂದು ಎತ್ತಿಟ್ಟ ಕಾಯಿಯನ್ನೂ ಇನ್ನೊಮ್ಮೆ ಕಿವಿಗೆ ಹಿಡಿದು ನೋಡುತ್ತೇನೆ.